ಕೆಸುವಿನ ಎಲೆಯ ಬುಟ್ಟಿ

ಅಧ್ಯಕ್ಷರಾದ ಸರ್ವೋತ್ತಮ ರಾಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನೀರಿನ ಕಂಪನಿಯ ಮ್ಯಾನೇಜರ್ ಹೃಷಿಕೇಶ್ ಅವರೇ, ಡೊಂಬಿವಲಿಯ ಕನ್ನಡ ಬಂಧುಗಳೇ, ಕಿವಿ ನನ್ನ ಕಡೆಗೂ ಮೂಗು ಅಡುಗೆಮನೆಯ ಪತ್ರೊಡೆಯ ಕಡೆಗೂ ಇಟ್ಟು ಕುಳಿತಿರುವ ಸಭಿಕರೇ,

ಸಂಘದ ಭವನಕ್ಕೆ ಕಂಪನಿಯಿಂದ ದೇಣಿಗೆ ತಂದವನೆಂದು ಇಂದು ನನಗೆ ಶಾಲು ಹೊದಿಸಿದ್ದೀರಿ. ಈ ಪ್ರೇಮನಾಥ ಏನನ್ನಾದರೂ ಪುಕ್ಕಟೆ ತಂದವನೇ? ಅವರು ಭವನ ಕಟ್ಟಿಸುತ್ತಾರೆ, ನನ್ನ ಹೋಟೆಲುಗಳು ಅವರ ಬಾಟ್ಲಿ ಮಾರುತ್ತವೆ. ಅಷ್ಟೇ.

ಕೋಪರಿ ಪೇಟೆಯ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದಾಗ ಧಣಿ ಕಲಿಸಿದ ಮೊದಲ ಪಾಠ: ಕುಳಿತವರ ಮುಂದೆ ನೀರಿನ ಲೋಟ ಇಡು, ಆಮೇಲೆ ಬಾಯಿ ತೆರೆ. ತಿನ್ನದೆ ಎದ್ದುಹೋದರೂ ನೀರಿಗೆ ದುಡ್ಡಿಲ್ಲ. ಈಗ ನನ್ನ ಮಾಣಿಗಳು ಮೊದಲು ಬಾಯಿ ತೆರೆಯುತ್ತಾರೆ: "ಸಾಬ್, ಸಾದಾ ಯಾ ಬಾಟ್ಲಿ?" ಸಾದಾ ಎನ್ನಲು ಗಿರಾಕಿ ನಾಚಬೇಕು, ಆ ಧ್ವನಿಯನ್ನು ಕಲಿಸಿದವನು ನಾನೇ. ರುಬ್ಬಬೇಕಿಲ್ಲ, ಬೇಯಿಸಬೇಕಿಲ್ಲ, ಹಳಸುವುದಿಲ್ಲ. ನೀರಿನಷ್ಟು ಲಾಭದ ತಿಂಡಿ ನನ್ನಲ್ಲಿ ಇನ್ನೊಂದಿಲ್ಲ.

ಆ ನೀರು ಬರುವುದು ಕಲ್ಯಾಣದಾಚೆ, ಮಲಂಗಗಡ ಬೆಟ್ಟದ ಬುಡದ ಒಂದು ಹಳ್ಳಿಯಿಂದ. ಬಹಳ ವರ್ಷಗಳಿಂದ ನಮಗೆ ಸೊಪ್ಪು ತರುವ ಸುಗಂಧಾಬಾಯಿಯ ಊರೂ ಅದೇ. ಕಂಪನಿ ಬೋರ್‌ವೆಲ್ ಕೊರೆಸಿದ ಮೇಲೆ ಆಕೆಯ ಬಾವಿ ಹೋಳಿಯ ಹೊತ್ತಿಗೇ ಒಣಗುತ್ತದೆ. ಸೊಪ್ಪಿನ ಮಡಿಗಳು ಹೋದವು. ಮಳೆಗಾಲಕ್ಕೆ ತಾನಾಗಿ ಏಳುವ ಕೆಸು ಮಾತ್ರ ಉಳಿಯಿತು. ಈಗ ಎರಡನೆಯ ಬೋರ್‌ವೆಲ್‌ಗೆ ಒಪ್ಪಿಗೆ ಕೇಳಲು ಗ್ರಾಮಸಭೆ ಕರೆದಿದ್ದಾರೆ. ಇನ್ನು ಕುಡಿಯುವುದಕ್ಕೂ ಉಳಿಯದು ಎಂಬುದು ಆಕೆಯ ಭಯ.

"ಶೇಟ್, ತುಮ್ಹಿ ಫಕ್ತ ದೋನ್ ಶಬ್ದ ಬೋಲಾ," ಎಂದಿದ್ದಳು. ಎರಡೇ ಎರಡು ಮಾತು. ಅವರ ಬಾಟ್ಲಿಗಳನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವವನು ನಾನು. ನಾನು ಬೇಡವೆಂದರೆ ಊರೂ ಕೇಳುತ್ತದೆ, ಕಂಪನಿಯೂ ಕೇಳುತ್ತದೆ. ಬರುತ್ತೇನೆ ಎಂದೆ. ಆಮೇಲೆ ಸರ್ವೋತ್ತಮ ರಾಯರ ಫೋನ್ ಬಂತು. ಈ ಸಮಾರಂಭವೂ ಅದೇ ಭಾನುವಾರ, ಅದೇ ಹೊತ್ತು. ಭವನದ ಗೋಡೆ ಅರ್ಧಕ್ಕೆ ನಿಂತಿದೆ. ನಾನು ಅಲ್ಲಿ ಬಾಯಿ ಬಿಟ್ಟರೆ ಇಲ್ಲಿ ಗೋಡೆ ಏಳುತ್ತದೆಯೇ, ನೀವೇ ಹೇಳಿ?

ನನ್ನ ಹೆಂಡತಿ ರತ್ನಾವತಿ ನಿನ್ನೆ ಪತ್ರೊಡೆಗೆಂದು ಕೆಸುವಿನ ಎಲೆಗೆ ಹಿಟ್ಟು ಸವರುತ್ತಾ ಕೇಳಿದಳು: "ದಿನವಿಡೀ ಮಾತಾಡ್ತೀರಿ. ಅಲ್ಲಿ ಎರಡು ಮಾತಾಡಿದ್ರೆ ನಿಮ್ಮ ಬಾಯಿ ಎಂತ ಸವೆದು ಹೋಗ್ತದಾ?"

"ಸವೆಯುವುದು ಬಾಯಿ ಅಲ್ಲ ಮಾರಾಯ್ತಿ, ವ್ಯಾಪಾರ," ಎಂದೆ. ಆಕೆ ನಗಲಿಲ್ಲ.

ಹೃಷಿಕೇಶ್ ಅವರೇ, ಮುಖ ಸಣ್ಣ ಮಾಡಬೇಡಿ. ಕಂಪನಿಯ ವಿರುದ್ಧ ನಾನು ಏನೂ ಹೇಳುತ್ತಿಲ್ಲ. ಹೇಳುವುದಾಗಿದ್ದರೆ ಈಗ ಅಲ್ಲಿರುತ್ತಿದ್ದೆ.

ಇನ್ನು ಊಟ. ಇವತ್ತಿನ ಪತ್ರೊಡೆಯ ಎಲೆ ಸುಗಂಧಾಬಾಯಿಯದೇ. ನಿನ್ನೆ ತಂದಳು, ದುಡ್ಡು ಮುಟ್ಟಲಿಲ್ಲ. ಬುಟ್ಟಿ ಇಲ್ಲೇ ಇರಲಿ, ನಾಳೆ ನೀವು ಸಭೆಗೆ ಬರುವಾಗ ತಂದರಾಯಿತು ಎಂದು ಬರಿಗೈಯಲ್ಲಿ ಹೋದಳು. ಬುಟ್ಟಿ ನನ್ನ ಕಾರಿನಲ್ಲಿದೆ. ಆಕೆ ಈಗ ಪಕ್ಕದಲ್ಲೊಂದು ಕುರ್ಚಿ ಹಿಡಿದಿಟ್ಟುಕೊಂಡು ರಸ್ತೆಯ ಕಡೆ ನೋಡುತ್ತಿರಬಹುದು.

ಎಲ್ಲರೂ ಹೊಟ್ಟೆ ತುಂಬ ಉಣ್ಣಿ. ಪ್ರತಿಯೊಬ್ಬರ ಬಾಳೆಎಲೆಯ ಪಕ್ಕದಲ್ಲೂ ಕಂಪನಿಯ ಬಾಟ್ಲಿ ಇಟ್ಟಿದ್ದೇವೆ, ಇವತ್ತು ಪುಕ್ಕಟೆ. ಶಾಲಿಗೆ ಕೃತಜ್ಞ. ನಮಸ್ಕಾರ.