ತೊಟ್ಟಿಲಿಗೆ ಐದು ಮಂದಿ

ರಾಯಚೂರು ಬಸ್ ನಿಲ್ದಾಣದಲ್ಲಿ ಮಾನ್ವಿ ಬಸ್ಸಿಗೆ ಕಾಯುತ್ತಿದ್ದ ಗಡಿಗೆಪ್ಪನಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೆರಿಗೆಯಲ್ಲಿ ಮಗಳನ್ನು ಕಳೆದುಕೊಂಡ ಶಿವಬಸಮ್ಮನ ಮಡಿಲಲ್ಲಿ ಮೊಮ್ಮಗಳು ಮಲಗಿದ್ದಳು. ಆಕೆಯ ಓಣಿಯವಳೇ ಆದ ಸುನಂದಾ ಸಮಾಧಾನ ಹೇಳುತ್ತಿದ್ದಳು.

“ಮಠಕ್ಕ ಪುರಾಣ ಕೇಳಾಕ ಬಾ ಯಕ್ಕಾ. ನಿನ್ನೆ ಅಜ್ಜಾರು ಎಷ್ಟು ಛಂದ ಕತಿ ಹೇಳಿದ್ರು! ಗಾಳಿಗೆ ಒಂದು ಹಕ್ಕಿ ಗೂಡು ಬಿತ್ತಂತ. ಅಡವ್ಯಾಗಿನ ಹಕ್ಕಿಯೆಲ್ಲಾ ಒಂದೊಂದು ಕಡ್ಡಿ ತಂದು ಕಟ್ಟಿಕೊಟ್ವಂತ.”

“ಕಟ್ಟೂ ಮುಂದ ಮರಿಯ ಅಪ್ಪನ ಜಾತಿ ಕೇಳಿದ್ವೇನು?”

“ಹಂಗ್ಯಾಕಂತಿ? ಮಗಳು ಬ್ಯಾರೆ ಜಾತಿಯಾಗ ಲಗ್ನ ಆದ್ಳಂತ ಮಂದಿಗೆ ಸಿಟ್ಟು ಇತ್ತು. ಈಗ ನಾವೆಲ್ಲಾ ಇದ್ದೀವಲ್ಲ.”

“ಇದ್ದರ ಸೋಮವಾರ ಬರ್ರಿ. ಕೂಸಿನ್ನ ತೊಟ್ಟಿಲಿಗೆ ಹಾಕಾಕ ಐದು ಮಂದಿ ಮುತ್ತೈದೇರು ಬೇಕು. ಓಣಿಯೆಲ್ಲಾ ತಿರುಗೀನಿ, ಒಬ್ಬಾಕಿನೂ ಹೂಂ ಅಂದಿಲ್ಲ.”

“ಸೋಮವಾರ ಭಜನಿ ಅದಲ್ಲ…”

“ಭಜನಿ ಸಂಜಿಗೆ. ತೊಟ್ಟಿಲು ಮುಂಜಾನೆ.”

ಸುನಂದಾ ಕೂಸಿನ ಕೆನ್ನೆ ಸವರಿದಳು.

“ಹಿರೇರನ್ನ ಒಂದು ಮಾತು ಕೇಳಿ ಹೇಳ್ತೀನಿ. ನೀ ದೇವರ ಮ್ಯಾಲೆ ಭಾರ ಹಾಕು.”

“ಮತ್ತ ತೊಟ್ಟಿಲು ತೂಗಾಕ ದೇವರ್ನ ಕರೀಲೇನು?”

ಸುನಂದಾಳನ್ನು ಬೈಯಲು ಗಡಿಗೆಪ್ಪನ ಬಾಯಿತನಕ ಮಾತು ಬಂತು. ನುಂಗಿಕೊಂಡ.

ಬಸ್ಸು ಬಂತು. ಸುನಂದಾ ಮೊದಲು ಹತ್ತಿ ಕಿಟಕಿಯ ಬಳಿ ಕೂತು, ಪಕ್ಕದ ಸೀಟಿನ ಮೇಲೆ ತನ್ನ ಕೈಚೀಲ ಇಟ್ಟಳು. ಶಿವಬಸಮ್ಮ ಅದನ್ನು ನೋಡಿದಳು. ಕೂಸನ್ನು ಎದೆಗೆ ಒತ್ತಿಕೊಂಡು ಹಿಂದಿನ ಸೀಟುಗಳತ್ತ ನಡೆದಳು.