ಸಾಲಿಲ್ಲದ ಮಂಗಳವಾರ

ಶುಕ್ರವಾರ ಸಂಜೆ ಕೆನಡಾದ ವಿನಿಪೆಗ್‌ನ ಒಂದು ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ಸಾಲು ಬಾಗಿಲು ಮುಟ್ಟಿತ್ತು. ಸಾಲಿನಲ್ಲಿದ್ದ ಯುವತಿ ಟೆಸ್ಸಾಳ ಮುಂದೆಯೇ ಪರಸ್ಪರ ಹಳೆಯ ಗೆಳತಿಯರಾದ ಇಬ್ಬರು ಹೆಂಗಸರು, ಇರ್ಮಾ ಮತ್ತು ಮಾರ್ಲಿಸ್, ನಿಂತಿದ್ದರು.

"ಮಂಗಳವಾರ ಮಧ್ಯಾಹ್ನ ಬಂದ್ರೆ ಸಾಲೇ ಇರಲ್ಲ ಕಣೆ ಇರ್ಮಾ."

"ನಿಂಗೆ ಹೇಗೆ ಗೊತ್ತು?"

"ಮೊನ್ನೆ ಮಂಗಳವಾರ ಡೋರೀನ್ ನನ್ನ ಕರ್ಕೊಂಡು ಬಂದಿದ್ಲು."

"ಓಹೋ, ನಿನ್ನ ಹೊಸ ಗೆಳತಿ ಡೋರೀನ್!"

ಅಜ್ಜಿ ಕಥೆಯ ಹಿರಿರಾಣಿ ಕಿರಿರಾಣಿಯ ಹೆಸರೆತ್ತಿದ ಹಾಗೆ ಕೇಳಿಸಿತು ಟೆಸ್ಸಾಳಿಗೆ.

"ಇಡೀ ಹಾಲ್‌ಗೆ ನಾವಿಬ್ರೇ. ಕಾಲು ಚಾಚ್ಕೊಂಡು ನೋಡಿದ್ವಿ."

"ಪಾಪ್‌ಕಾರ್ನ್ ಅರ್ಧ ತುಂಬಿಸಿದಾಗ್ಲೂ ಒಂದು ಸಲ ಬೆಣ್ಣೆ ಹಾಕಿಸೋ ನಮ್ಮ ಉಪಾಯ ಅವಳಿಗೂ ಕಲಿಸ್ಬಿಟ್ಯಾ?"

"ಅಯ್ಯೋ, ಬೆಣ್ಣೆಗೂ ಹೊಟ್ಟೆಕಿಚ್ಚೇನೇ!"

"ಇಪ್ಪತ್ತು ವರ್ಷದಿಂದ ನಾವು ಮಾತಾಡಿದ್ದೆಲ್ಲ ಈ ಸಾಲಲ್ಲಿ ನಿಂತೇ, ಮಾರ್ಲಿಸ್. ನನ್ನ ಗಂಡ ಬಿಟ್ಟುಹೋದ ಸುದ್ದಿ ನಿಂಗೆ ಹೇಳಿದ್ದೂ ಇಲ್ಲೇ. ಒಳಗೆ ಹೋದ್ಮೇಲೆ ಬಾಯಿ ಮುಚ್ಕೊಂಡಿರ್ಬೇಕಲ್ಲ. ಡೋರೀನ್ ಹತ್ರ ಏನು ಮಾತಾಡ್ದೆ, ಹೇಳು?"

"ಏನೂ ಇಲ್ಲ. ಸಾಲೇ ಇರ್ಲಿಲ್ವಲ್ಲ."

ಅಷ್ಟರಲ್ಲಿ ಅವರ ಸರದಿ ಬಂತು. ಮಾರ್ಲಿಸ್ ಟೆಸ್ಸಾಳತ್ತ ತಿರುಗಿ, "ನೀನು ಮುಂದೆ ಹೋಗಮ್ಮಾ, ನಮ್ಮ ಮಾತು ಇನ್ನೂ ಮುಗ್ದಿಲ್ಲ" ಎಂದು ಇರ್ಮಾಳ ಕೈ ಹಿಡಿದು ಸಾಲಿನ ಕೊನೆಗೆ ಹೊರಟಳು.

"ಈ ಸಾಲಿಗೆ ಮಾತ್ರ ಡೋರೀನ್‌ನ ಕರ್ಕೊಂಡು ಬರ್ಬೇಡ," ಎನ್ನುತ್ತಿದ್ದಳು ಇರ್ಮಾ.