ಸಿಡಿಯದೆ ಉಳಿದ ಕುಳಿ

ಬಂಡೆ ಒಡೆಯುವುದನ್ನೇ ಕಸುಬು ಮಾಡಿಕೊಂಡ ಊರೊಂದಿತ್ತು. ಆ ಊರಿಗೆಲ್ಲ ದೊಡ್ಡ ಕುಳ ಯಾರು ಎಂದರೆ ಕಲ್ಲಿನ ಕ್ವಾರಿಯ ಯಜಮಾನ. ಹೆಸರು ಹೇಳದಿದ್ದರೆ ನಿಮಗೆ ಕಥೆ ಕೇಳಿದ ಹಾಗಾಗುವುದಿಲ್ಲ, ಮಂಚೇಗೌಡ ಎಂದಿಟ್ಟುಕೊಳ್ಳಿ. ಲಾರಿಗಳಿದ್ದವು, ಮಹಡಿ ಮನೆಯಿತ್ತು, ಅವನು ಕೆಮ್ಮಿದರೆ ನಾಲ್ಕು ಜನ ನೀರು ತರುತ್ತಿದ್ದರು. ಆದರೆ ಹುಟ್ಟು ಶ್ರೀಮಂತನಲ್ಲ ನೋಡಿ. ಅದೇ ಬಂಡೆಯ ಮೇಲೆ ಅಪ್ಪನ ಪಕ್ಕದಲ್ಲಿ ಕೂತು, ಸುತ್ತಿಗೆ ಹಿಡಿದು, ಕೈ ಬೊಬ್ಬೆ ಬರಿಸಿಕೊಂಡು ಮೇಲೆ ಬಂದವನು.

ಆ ಅಪ್ಪನ ಸಂಗತಿ ಮೊದಲು ಕೇಳಿ. ಬಂಡೆ ಸಿಡಿಸುವ ಕೆಲಸ ಹೇಗೆ? ಕಲ್ಲಿನಲ್ಲಿ ಕುಳಿ ಕೊರೆಯುತ್ತಾರೆ, ಮದ್ದು ತುಂಬುತ್ತಾರೆ, ಬತ್ತಿ ಇಟ್ಟು ಹಚ್ಚಿ ಓಡಿಬಂದು ಮರೆಯಲ್ಲಿ ಕೂರುತ್ತಾರೆ. ಒಂದು ದಿನ ಹಚ್ಚಿದ ಕುಳಿಗಳಲ್ಲಿ ಒಂದು ಸಿಡಿಯಲಿಲ್ಲ. ಅಪ್ಪ ಗಂಡೆದೆಯ ಮನುಷ್ಯ. “ಬತ್ತಿ ಆರ್‌ಹೋಗದೆ ಬಿಡ್ರಲಾ” ಎಂದು ನಡೆದುಹೋಗಿ ಬಗ್ಗಿ ನೋಡಿದ. ಆರಿರಲಿಲ್ಲ. ಬತ್ತಿಯ ತೇವದ ಜಾಗದಲ್ಲಿ ಕಿಡಿ ಮೆಲ್ಲಗೆ, ಬಹಳ ಮೆಲ್ಲಗೆ ಒಳಕ್ಕೆ ಹೋಗುತ್ತಿತ್ತು. ಅಪ್ಪನ ಎರಡೂ ಕಣ್ಣು ಹೋದವು. ಸಾಯುವವರೆಗೂ ಅವನನ್ನು ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದವನು ಈ ಮಂಚೇಗೌಡನೇ.

ಇದರಲ್ಲಿ ಮಾಯವೂ ಇಲ್ಲ, ಮಂತ್ರವೂ ಇಲ್ಲ. ನೀವೆಲ್ಲ ಶಾಲೆಗೆ ಹೋದವರು. ಬೆಂಕಿಕಡ್ಡಿ ಗೀಚಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊತ್ತಿಕೊಳ್ಳುತ್ತದೆ. ಗೇಟಿನ ಸರಳು ತುಕ್ಕು ಹಿಡಿಯುವುದಕ್ಕೆ ಮಳೆಗಾಲಗಳೇ ಬೇಕು. ಎರಡೂ ಒಂದೇ ಜಾತಿಯ ಕೆಲಸ, ಎರಡರಲ್ಲೂ ಗಾಳಿ ಬಂದು ಸೇರಿಕೊಳ್ಳುತ್ತದೆ, ಎಂದು ಮೇಷ್ಟ್ರು ಹೇಳಿಲ್ಲವೇ? ಒಂದು ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ಕಾಣುವುದಿಲ್ಲ ಅಂದಮಾತ್ರಕ್ಕೆ ನಡೆಯುತ್ತಿಲ್ಲವೇ? ಹಾಲಿಗೆ ಹೆಪ್ಪು ಹಾಕಿದ ತಾಯಿ ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದರೆ ಅವಳಿಗೆ ಕಾಣುವುದು ಹಾಲೇ. ಒಳಗೆ ಆಗುವುದು ಆಗುತ್ತಲೇ ಇರುತ್ತದೆ. ಹಿಂದಿನ ಸಾಲಿನಲ್ಲಿ, ಪ್ರಸಾದಕ್ಕೆ ಇನ್ನೆಷ್ಟು ಹೊತ್ತೋ ಎಂದು ಗಡಿಯಾರ ನೋಡುತ್ತಿರುವ ಅಣ್ಣನವರೇ, ಸ್ವಲ್ಪ ಇರಿ, ಈ ಕಥೆ ನಿಮಗೇ ಬೇಕಾದದ್ದು.

ಮಂಚೇಗೌಡ ಯಜಮಾನನಾದ ಮೇಲೆ ಕ್ವಾರಿಯಲ್ಲಿ ಒಂದು ಕಟ್ಟಳೆ ಮಾಡಿದ. ಎಷ್ಟು ಕುಳಿಗೆ ಬತ್ತಿ ಹಚ್ಚುತ್ತಾರೋ ಅಷ್ಟು ಹರಳು ಕಲ್ಲನ್ನು ಅವನು ಕೈಯಲ್ಲಿ ಹಿಡಿದು ಮರೆಯಲ್ಲಿ ಕೂರುವುದು. ಒಂದೊಂದು ಕುಳಿ ಸಿಡಿದಾಗ ಒಂದೊಂದು ಹರಳನ್ನು ಹಿತ್ತಾಳೆ ಬೋಗುಣಿಗೆ ಹಾಕುವುದು. ಕೊನೆಗೆ ಕೈ ಬರಿದಾದರೆ ಸೀಟಿ ಊದುವುದು, ಎಲ್ಲರೂ ಕೆಲಸಕ್ಕೆ ಏಳುವುದು. ಕೈಯಲ್ಲಿ ಹರಳು ಉಳಿಯಿತೋ, ಎಲ್ಲೋ ಒಂದು ಕುಳಿ ಸಿಡಿಯದೆ ಕೂತಿದೆ ಎಂದರ್ಥ. ಆಗ ಯಾರೂ ಮಿಸುಕುವ ಹಾಗಿಲ್ಲ. ಅಡುಗೆಯ ಚೆನ್ನಾಜಮ್ಮ ಹೊಸದಾಗಿ ಒಲೆ ಹಚ್ಚಿ ಎಸರಿಡಬೇಕು. ಮುದ್ದೆ ಬೆಂದು, ಎಲ್ಲರೂ ಉಂಡು, ಎಲೆಅಡಿಕೆ ಹಾಕಿಕೊಂಡ ಮೇಲೆಯೇ ಯಜಮಾನ ತಾನೇ ಹೋಗಿ ನೋಡುವುದು. ಲಾರಿ ಕಾಯಲಿ, ಗಿರಾಕಿ ಬೈಯಲಿ, ಈ ಕಟ್ಟಳೆ ಮುರಿಯುವ ಹಾಗಿಲ್ಲ. ಕಲ್ಲಿನ ಮುಂದೆ ಅಷ್ಟು ತಾಳ್ಮೆ ಅವನಿಗೆ.

ಮನುಷ್ಯರ ಮುಂದೆ? ಅಲ್ಲೇ ಇರುವುದು ಎಡವಟ್ಟು.

ಅವನಿಗೊಬ್ಬ ತಮ್ಮ, ಹೊಂಬಾಳ. ಬತ್ತಿ ಹಚ್ಚುವ ಕೆಲಸ ಅವನದು. ಮದುವೆಯಾಗಿ ಹೆಂಡತಿ ಬಸುರಿಯಾಗಿದ್ದಳು. ಒಂದು ದಿನ ಗಾಳಿ ಜೋರಾಗಿತ್ತು, ಬತ್ತಿ ಬೇಗ ಓಡುತ್ತಿದೆ ಅನ್ನಿಸಿ ಹೊಂಬಾಳ ಕೊನೆಯ ಕುಳಿಯನ್ನು ಹಚ್ಚದೆ ಬಿಟ್ಟು ಓಡಿಬಂದ. ಬುದ್ಧಿವಂತರ ಕೆಲಸ ಅದು. ಆದರೆ ಅವತ್ತು ಮಂಚೇಗೌಡನ ತಲೆಯಲ್ಲಿ ಬೇರೇನೋ ಸಿಟ್ಟು. ಎಲ್ಲ ಆಳುಗಳ ಮುಂದೆ, ಹೆಂಗಸರ ಮುಂದೆ ಅಂದುಬಿಟ್ಟ:

“ಏನ್ಲಾ, ಹೆಂಗಸ್ರಿಗಿಂತ ಮೊದ್ಲು ಮರೆಗೋಡೀಯಾ? ಅಪ್ಪನ್ ಹೆಸ್ರು ಹೇಳ್ಕಂಡ್ ಉಣ್ತೀಯ, ಅಪ್ಪನ ಎದೆ ಒಂದ್ ಚೂರಾದ್ರೂ ಬಂದದಾ ನಿಂಗೆ? ಹೋಗು, ಚೆನ್ನಾಜಮ್ಮನ ತಾವ ಕುಂತ್ಕಂಡು ಮುದ್ದೆ ತಿರುವು.”

ಆಳುಗಳು ನಕ್ಕರು. ಯಜಮಾನ ಬೈದರೆ ಪಕ್ಕದವನು ನಗಲೇಬೇಕಲ್ಲ, ಅದೂ ಸಂಬಳದಲ್ಲೇ ಸೇರಿದೆ! ಹೊಂಬಾಳ ನಗಲಿಲ್ಲ. ಸಿಟ್ಟು ತೋರಿಸಲೂ ಇಲ್ಲ. ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಕೆಲಸಕ್ಕೆ ಹೋದ. ಮಾರನೆಯ ದಿನ ಎಂದಿನ ಹಾಗೆ ಅಣ್ಣನಿಗೆ ಟೀ ತಂದುಕೊಟ್ಟ. ಅದರ ಮಾರನೆಯ ದಿನವೂ ತಂದುಕೊಟ್ಟ. ಮಂಚೇಗೌಡ ಟೀ ಹೀರುತ್ತಾ ಅಂದುಕೊಂಡ: ನಮ್ಮ ಹುಡುಗ, ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ, ಮರೆತೇಬಿಟ್ಟಿದ್ದಾನೆ.

ಗಮನಿಸಿದಿರಾ? ಸಿಡಿಯಲಿಲ್ಲ, ಆದ್ದರಿಂದ ಆರಿದೆ. ಅಪ್ಪ ಕುಳಿಯ ಮುಂದೆ ಅಂದುಕೊಂಡದ್ದೂ ಇದೇ ಅಲ್ಲವೇ? ಅಪ್ಪನ ಕಣ್ಣು ಕಿತ್ತುಕೊಂಡ ತಪ್ಪನ್ನೇ ಮಗ ಟೀ ಕುಡಿಯುತ್ತಾ ಮಾಡುತ್ತಿದ್ದ.

ಹೀಗೆ ಒಂದಷ್ಟು ದಿನ ಕಳೆದವು. ಒಂದು ಮಧ್ಯಾಹ್ನ ಕುಳಿಗಳಿಗೆ ಬತ್ತಿ ಹಚ್ಚಿದರು. ಎಲ್ಲರೂ ದೊಡ್ಡ ಬಂಡೆಯ ಮರೆಯಲ್ಲಿ. ಢಮ್, ಬೋಗುಣಿಗೆ ಹರಳು. ಢಮ್, ಮತ್ತೊಂದು ಹರಳು. ಸದ್ದು ನಿಂತಿತು, ಧೂಳು ಇಳಿಯಿತು. ಮಂಚೇಗೌಡ ಅಂಗೈ ಬಿಡಿಸಿ ನೋಡಿದ. ಒಂದು ಹರಳು ಉಳಿದಿತ್ತು.

“ಒಲೆ ಹಚ್ಚಮ್ಮೋ” ಎಂದ. ಚೆನ್ನಾಜಮ್ಮ ಪಾತ್ರೆಗೆ ನೀರು ಹಾಕಿದಳು. ಆಳುಗಳು ಬೀಡಿ ಹಚ್ಚಿಕೊಂಡು ಕೂತರು. ಎಸರು ಇನ್ನೂ ಕಾದಿರಲಿಲ್ಲ. ಹಿಟ್ಟಿನ ಮೊರ ಹಿಡಿದಿದ್ದ ಚೆನ್ನಾಜಮ್ಮ ತಲೆ ಎತ್ತಿದವಳು ಹಾಗೇ ನಿಂತುಬಿಟ್ಟಳು.

“ಯಜಮಾನ್ರೇ, ಚಿಕ್ಕೆಜಮಾನ್ರು ಎತ್ಲಾಗ್ ಹೋಯ್ತಾವ್ರೆ?”

ಮಂಚೇಗೌಡ ತಿರುಗಿ ನೋಡಿದ. ಹೊಂಬಾಳ ಮರೆ ಬಿಟ್ಟು ಆಗಲೇ ಬಯಲಿಗೆ ಇಳಿದಿದ್ದ. ಟವೆಲನ್ನು ತಲೆಗೆ ಸುತ್ತಿಕೊಂಡು ಸಿಡಿಯದ ಕುಳಿಯ ಕಡೆಗೆ ನಡೆಯುತ್ತಿದ್ದ. ಓಡುತ್ತಿರಲಿಲ್ಲ, ಸಂತೆಗೆ ಹೊರಟವನ ನಡಿಗೆ ಅದು.

“ಲೇ ಹೊಂಬಾಳಾ! ಬಾರ್ಲಾ ಇತ್ಲಾಗೆ!”

ತಿರುಗಲಿಲ್ಲ.

“ನಾನ್ ಹೇಳ್ತಾ ಇವ್ನಿ ಕಣ್ಲಾ! ಯಜಮಾನ ಹೇಳ್ತಾ ಇವ್ನಿ! ನಿಂತ್ಕಳ್ಲಾ!”

ನಿಲ್ಲಲಿಲ್ಲ. ಹೆಜ್ಜೆ ಇನ್ನೂ ಬಿರುಸಾಯಿತು. ನಡೆಯುತ್ತಲೇ, ಹಿಂದೆ ನೋಡದೆ, ಹೊಂಬಾಳ ಕೂಗಿ ಹೇಳಿದ: “ಅಪ್ಪನ ಎದೆ ಅದೋ ಇಲ್ವೋ ಒಂದ್ಸಲ ನೋಡ್ಕಂಡ್ ಬತ್ತೀನಿ. ಇರಣ್ಣಾ.”

ಅಂದ ಮಾತು ಮಂಚೇಗೌಡನಿಗೆ ಮರೆತೇ ಹೋಗಿತ್ತು ನೋಡಿ, ಅಂದವನಿಗೆ! ಕೇಳಿಸಿಕೊಂಡವನ ಒಳಗೆ ಅದು ಅಷ್ಟು ದಿನವೂ ಉರಿಯುತ್ತಿತ್ತು. ಟೀ ಲೋಟ ಹಿಡಿದು ಬರುವಾಗಲೂ ಉರಿಯುತ್ತಿತ್ತು. ಈಗ ಅಣ್ಣ ಏನು ಮಾಡಬೇಕು? ಓಡಿಹೋಗಿ ಎಳೆದುತರೋಣವೇ? ಅಟ್ಟಿಸಿಕೊಂಡು ಹೋದರೆ ಅವನು ಮುಂದಕ್ಕೇ ಓಡುತ್ತಾನೆ. ಇನ್ನೊಂದು ಸಲ ಗದರಿಸೋಣವೇ? ಗದರಿಸಿದ್ದಕ್ಕೇ ಹೆಜ್ಜೆ ಬಿರುಸಾಗಿದೆ. ಊರಿನಲ್ಲಿ ಯಾರನ್ನು ಬೇಕಾದರೂ ಹೆದರಿಸಿ ಕೂರಿಸುವ ಆ ಗಂಟಲು ಅವತ್ತು ಯಾವ ಕೆಲಸಕ್ಕೂ ಬರಲಿಲ್ಲ.

ಅವನು ಏನು ಮಾಡಿದ ಗೊತ್ತೇ? ತಾನು ಮಾಡಿದ ಕಟ್ಟಳೆಯನ್ನು ತಾನೇ ಮುರಿದು ಮರೆಯಿಂದ ಹೊರಗೆ ಬಂದ. ಬಯಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಂತ. ನಕ್ಕಿದ್ದ ಆಳುಗಳೆಲ್ಲ ಅಲ್ಲೇ ಇದ್ದರು.

“ತಪ್ಪಾಯ್ತು ಕಣಪ್ಪಾ!” ಎಂದು ಕೂಗಿದ. “ಎಲ್ಲರ್ ಮುಂದೆ ಅಂದೆ, ಎಲ್ಲರ್ ಮುಂದೇನೇ ಹೇಳ್ತಾವ್ನಿ, ತಪ್ಪಾಯ್ತು! ಅವತ್ತು ನೀನ್ ಮಾಡಿದ್ದೇ ಸರಿ. ಅಪ್ಪಂಗೆ ಎದೆ ಇತ್ತು, ಕಣ್ ಕಳ್ಕಂಡ. ಹೆದ್ರುಪುಕ್ಲ ನಾನು ಕಣೋ. ನೀನಿಲ್ದೆ ಮನೆಗ್ ಹೋಗೋ ಎದೆ ನಂಗಿಲ್ಲ. ನಿನ್ ಹೆಂಡ್ತಿಗ್ ಮುಖ ತೋರ್ಸೋ ಎದೆ ನಂಗಿಲ್ಲ. ಬಂದ್ಬುಡಪ್ಪಾ.”

ಹೊಂಬಾಳ ನಿಂತ.

ಈಗ ನೀವೇನು ಅಂದುಕೊಳ್ಳುತ್ತೀರಿ? ಅಣ್ಣಾ ಎಂದು ಓಡಿಬಂದು ತಬ್ಬಿಕೊಂಡ ಎಂದೇ? ಇಲ್ಲ. ಸುಮ್ಮನೆ ನಿಂತ, ಬೆನ್ನು ಇತ್ತ, ಮುಖ ಕುಳಿಯ ಕಡೆ. ಅಲ್ಲಿಂದ ಕುಳಿ ಬಹಳ ದೂರವಿರಲಿಲ್ಲ. ಒಳಗೆ ಕಿಡಿ ಇದೆಯೋ ಇಲ್ಲವೋ, ಇದ್ದರೆ ಮದ್ದಿಗೆ ಎಷ್ಟು ಹತ್ತಿರವಿದೆಯೋ, ಯಾರಿಗೆ ಗೊತ್ತು? ಮಂಚೇಗೌಡನ ನಾಲಿಗೆಯ ತುದಿಗೆ ಬಂತು: ತಪ್ಪಾಯ್ತು ಅಂದ್ನಲ್ಲ, ಇನ್ನೇನ್ ಕಾಲು ಹಿಡೀಬೇಕೇನ್ಲಾ! ಬಂತು, ಹಲ್ಲು ಕಚ್ಚಿ ನುಂಗಿದ. ತಾಯಂದಿರೇ, ಅವನ ಜೀವಮಾನದಲ್ಲಿ ಅವನು ಮಾಡಿದ ದೊಡ್ಡ ಕೆಲಸ ಆ ನುಂಗಿದ್ದು. ಆಡಿದ ಮಾತು ತಮ್ಮನ ಒಳಗೆ ಹೋಗಿ ಮುಟ್ಟಲು ಹೊತ್ತು ಹಿಡಿಯುತ್ತದೆ ಎಂದು ಅವನಿಗೆ ಆಗ ಹೊಳೆಯಿತು. ನಿಂತ. ಕಾದ. ಹಿಂದೆ ಚೆನ್ನಾಜಮ್ಮನ ಎಸರು ಕೊತಕೊತ ಕುದಿಯುತ್ತಿತ್ತು, ಹಿಟ್ಟು ಹಾಕುವವರಿರಲಿಲ್ಲ.

ಹೊಂಬಾಳ ತಿರುಗಿದ. ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಹೋದ ಹಾಗೆಯೇ ನಿಧಾನವಾಗಿ ನಡೆದು ಬರತೊಡಗಿದ. ಕೈಗೆ ಸಿಗುವಷ್ಟು ಹತ್ತಿರ ಬಂದದ್ದೇ ತಡ, ಮಂಚೇಗೌಡ ಅವನ ರಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಲಾರಿಯ ಹಿಂದಕ್ಕೆ ಎಳೆದುಕೊಂಡು ಬಿದ್ದ. ಬಿದ್ದರೋ ಇಲ್ಲವೋ, ಕುಳಿ ಸಿಡಿಯಿತು. ಲಾರಿಯ ಗಾಜು ಪುಡಿಪುಡಿ. ಕಲ್ಲು ಮಳೆಯ ಹಾಗೆ ಸುರಿಯಿತು. ಇಬ್ಬರ ಮೈಮೇಲೂ ಧೂಳು, ಇಬ್ಬರ ಜೀವವೂ ಉಳಿಯಿತು.

ಇಲ್ಲಿಗೆ ಚಪ್ಪಾಳೆ ತಟ್ಟಬೇಡಿ. ಕಥೆ ಮುಗಿದಿಲ್ಲ.

ಅವತ್ತಿನಿಂದ ಹೊಂಬಾಳ ಅಣ್ಣನ ಜೊತೆ ಮಾತಾಡಲಿಲ್ಲ. ಕೆಲಸಕ್ಕೆ ಬರುತ್ತಿದ್ದ, ಟೀ ತರುವುದನ್ನು ಬಿಟ್ಟುಬಿಟ್ಟ. ಮಂಚೇಗೌಡನಿಗೆ ಮೊದಮೊದಲು ಮೈಯೆಲ್ಲ ಉರಿಯಿತು. ಆಳುಗಳ ಮುಂದೆ ಮಾನ ಬಿಟ್ಟು ತಪ್ಪಾಯ್ತು ಅಂದವನು ನಾನು, ಇವನದೇನು ಗತ್ತು? ಒಂದು ದಿನ ಕೇಳಿಯೇಬಿಡೋಣ ಎಂದು ಎದ್ದ. ಅಂಗಿಯ ಜೇಬಿಗೆ ಕೈ ಹೋಯಿತು. ಅವತ್ತಿನ ಗಡಿಬಿಡಿಯಲ್ಲಿ ಬೋಗುಣಿಗೆ ಹಾಕದೆ ಜೇಬಿಗೆ ಸೇರಿಸಿದ್ದ ಹರಳು ಕೈಗೆ ಸಿಕ್ಕಿತು. ಕೂತುಬಿಟ್ಟ. ಒಂದು ಕಲ್ಲಿಗೆ ಮುದ್ದೆ ಬೇಯುವಷ್ಟು ಹೊತ್ತು ಕೊಡುವವನು ನಾನು, ಒಡಹುಟ್ಟಿದವನಿಗೆ ಎಷ್ಟು ಕೊಟ್ಟಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡ. ಆಮೇಲೆ ಅಂಗಿ ಬದಲಾಯಿಸಿದರೂ ಹರಳನ್ನು ಹೊಸ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಟೀಯನ್ನು ತಾನೇ ತಂದು ತಮ್ಮನ ಪಕ್ಕದಲ್ಲಿಟ್ಟು, ಮಾತಾಡದೆ ಬರುತ್ತಿದ್ದ. ಕೆಲವು ದಿನ ಆ ಟೀ ಹಾಗೇ ಆರಿ ಕೆನೆಗಟ್ಟುತ್ತಿತ್ತು. ಮಾರನೆಯ ದಿನ ಮತ್ತೆ ಇಡುತ್ತಿದ್ದ.

ಮಳೆಗಾಲ ಬಂತು, ಹೋಯಿತು. ಹೊಂಬಾಳನಿಗೆ ಮಗಳು ಹುಟ್ಟಿದಳು. ಒಂದು ಮಧ್ಯಾಹ್ನ ಎಲ್ಲರೂ ಸಾಲಾಗಿ ಉಣ್ಣಲು ಕೂತಿದ್ದರು. ಹೊಂಬಾಳ ಮುದ್ದೆಯ ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಮುಖ ಕಿವುಚಿದ. ತಟ್ಟೆ ನೋಡುತ್ತಲೇ ಹೇಳಿದ:

“ಅಣ್ಣೋ, ಸಾರಿಗೆ ಉಪ್ಪು ಸಾಲ್ದು, ಅಲ್ವಾ?”

“ಊಂ ಕಣಪ್ಪ” ಎಂದ ಮಂಚೇಗೌಡ. ಎಡಗೈಯಿಂದ ಜೇಬು ತಡಕಿ ಹರಳು ತೆಗೆದ. ಮೂಲೆಯಲ್ಲಿದ್ದ ಹಿತ್ತಾಳೆ ಬೋಗುಣಿಗೆ ಎಸೆದ. ಅದು ಟಣ್ ಎಂದಾಗ ಚೆನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಉಪ್ಪಿನ ಡಬ್ಬಿ ತರಲು ಎದ್ದಳು.

ಕಥೆ ಇಷ್ಟು. ಈಗ ನಿಮ್ಮ ಸರದಿ.

ಇವತ್ತು ಬೆಳಿಗ್ಗೆ ಮನೆಯಿಂದ ಹೊರಡುವಾಗ ಏನಂದು ಬಂದಿರಿ? ಹೆಂಡತಿಗೆ ಅಂದಿರಿ, ಅವಳು ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಸೊಸೆಗೆ ಅಂದಿರಿ, ಅವಳು ತಲೆ ತಗ್ಗಿಸಿ ಪಾತ್ರೆ ತೊಳೆದಳು. ಕಡಿಮೆ ಅಂಕ ತಂದ ಮಗನಿಗೆ ಅಂದಿರಿ, ಅವನು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದ. ನಿಮ್ಮ ಮನಸ್ಸಿಗೆ ನಿರಾಳ, ಸದ್ದಾಗಲಿಲ್ಲವಲ್ಲ! ಸ್ವಾಮಿ, ಸದ್ದಾಗಲಿಲ್ಲ ಎಂದೇ ನೀವು ಹೆದರಬೇಕು. ಎದುರು ಮಾತಾಡಿದವರ ಜೊತೆ ನಿಮ್ಮ ಜಗಳ ಅಲ್ಲಿಗೇ ಮುಗಿದಿದೆ. ಮಾತಾಡದವರನ್ನು ಹುಡುಕಿ.

ಇವತ್ತೇ ಹುಡುಕಿ. ಎಷ್ಟು ಜನರ ಮುಂದೆ ಅಂದಿದ್ದೀರೋ ಅಷ್ಟೇ ಜನರ ಮುಂದೆ ತಪ್ಪಾಯಿತು ಅನ್ನಿ. ಅಡುಗೆಮನೆಯ ಮೂಲೆಗೆ ಕರೆದು ಪಿಸುಗುಟ್ಟುವುದು ಬೇಡ. ಅಂದಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಅಂದೆನಲ್ಲ, ಇನ್ನೇನು ಬೇಕು ಎಂದು ಕೇಳಿದಿರೋ, ಆರುತ್ತಿದ್ದ ಬತ್ತಿಗೆ ನೀವೇ ಬೆಂಕಿ ಇಟ್ಟ ಹಾಗೆ. ಅವರಿಗೆ ಒಂದು ವಾರ ಬೇಕಾಗಬಹುದು, ಒಂದು ಮಳೆಗಾಲ ಬೇಕಾಗಬಹುದು. ನೋಯಲು ಅವರು ನಿಮ್ಮ ಅಪ್ಪಣೆ ಕೇಳಲಿಲ್ಲ, ಮರೆಯಲೂ ಕೇಳಬೇಕಾಗಿಲ್ಲ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಮಂಚೇಗೌಡನ ತಮ್ಮ ತಿರುಗಿ ನೋಡುವಷ್ಟು ಹತ್ತಿರದಲ್ಲಿದ್ದ, ಕೂಗಿದ್ದು ಕೇಳಿಸಿತು. ನಿಮ್ಮವರು ಈಗ ಎಷ್ಟು ದೂರ ನಡೆದಿದ್ದಾರೆ, ನಿಮಗೆ ಗೊತ್ತೇ? ನನಗಂತೂ ಗೊತ್ತಿಲ್ಲ. ಪ್ರಸಾದದ ಸಾಲಿಗೆ ಆಮೇಲೆ ನಿಲ್ಲಿ. ಯಾರ ಮುಖ ಈಗ ಕಣ್ಣ ಮುಂದೆ ಬಂತೋ, ಮೊದಲು ಅವರಿಗೆ ಕೇಳಿಸುವ ಹಾಗೆ ಕೂಗಿ.